ಬೊಗಳುವ ನಾಯಿಗೆ ಗದರಿಕೆ ಮದ್ದಲ್ಲ

ಮಾನ್ಯರೆ,

ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿಯ ಬೊಗಳಾಟ ಜಗಳಕ್ಕೆ ತಿರುಗಿದಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ: ನಾಯಿಯನ್ನು ಹೊರಗೆ ಕಳಿಸಿ, ಇಲ್ಲವೇ ಶಾಕ್ ಕಾಲರ್ ಹಾಕಿ. ನಾಯಿ ಸಾಕುವುದನ್ನೇ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಶಾಕ್ ಕಾಲರ್‌ನ ಅಪಾಯವೇ ಬೇರೆ. ಲಿಫ್ಟ್ ಬಳಿ ಮಗುವನ್ನು ಕಂಡು ಬೊಗಳಿದ ಕ್ಷಣ ಕುತ್ತಿಗೆಗೆ ಕರೆಂಟ್ ತಗುಲಿದರೆ, ಆ ನೋವು ಮಗುವಿನಿಂದಲೇ ಬಂತೆಂದು ನಾಯಿ ತಿಳಿಯಬಹುದು. ಆಮೇಲೆ ಅದು ಬೊಗಳದೆ ನೇರವಾಗಿ ಬಾಯಿ ಹಾಕಿದರೆ ಆಶ್ಚರ್ಯವಿಲ್ಲ. ಬಾಯಿಗೆ ಬಿಗಿಯಾಗಿ ಕುಕ್ಕೆ ಕಟ್ಟಿಡುವುದೂ ಬೇಡ. ಬಾಯಿ ತೆರೆದು ಏದುಸಿರು ಬಿಡದಿದ್ದರೆ ನಾಯಿಯ ಮೈ ತಂಪಾಗುವುದಿಲ್ಲ. ಬೇಸಿಗೆಯಲ್ಲಿ ಪ್ರಾಣಕ್ಕೇ ಕುತ್ತು.

ಹೆಚ್ಚಿನ ಮನೆಗಳಲ್ಲಿ ತೊಂದರೆ ಶುರುವಾಗುವುದು ಕರೆಗಂಟೆಯಿಂದ. ಪಾರ್ಸೆಲ್ ತಂದವನು ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಹೋಗುತ್ತಾನೆ. ತಾನೇ ಓಡಿಸಿದೆ ಎಂಬುದು ನಾಯಿಯ ಲೆಕ್ಕ. ದಿನಕ್ಕೆ ನಾಲ್ಕು ಬಾರಿ ಗೆಲ್ಲುವ ಆಟವನ್ನು ಅದೇಕೆ ಬಿಟ್ಟೀತು? ಮನೆಯವರು ‘ಸುಮ್ನಿರೋ’ ಎಂದು ಕೂಗಿದರೆ ಅವರೂ ದನಿಗೂಡಿಸಿದಂತೆ.

ಇದಕ್ಕೆ ಮಾಡಬೇಕಾದ್ದು ಇಷ್ಟು. ನಿಮ್ಮದೇ ಕರೆಗಂಟೆಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕಿವಿ ನಿಮಿರಬೇಕು, ಆದರೆ ಬೊಗಳಬಾರದು. ಅಷ್ಟು ಸಣ್ಣ ದನಿಯಲ್ಲಿ ಕೇಳಿಸಿ. ಸದ್ದಾದ ಒಂದೆರಡು ಸೆಕೆಂಡಿನೊಳಗೆ, ದೂರದಲ್ಲಿ ಹಾಸಿದ ಚಾಪೆಯ ಮೇಲೆ ತಿನಿಸು ಹಾಕಿ. ಉಪ್ಪಿಲ್ಲದೆ ಬೇಯಿಸಿದ ಕೋಳಿ ಅಥವಾ ಪನೀರ್, ಕಡಲೆಕಾಳಿನಷ್ಟು ಚೂರು ಸಾಕು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆರಡು ಸಲ. ಹತ್ತರಲ್ಲಿ ಎಂಟು ಬಾರಿ ಸುಮ್ಮನಿದ್ದರೆ ಮಾತ್ರ ದನಿ ಒಂದು ಹಂತ ಏರಿಸಿ. ಬೊಗಳಿದರೆ ಅವಸರ ಮಾಡಿದ್ದೀರಿ ಎಂದರ್ಥ, ಹಿಂದಿನ ಹಂತಕ್ಕೆ ಇಳಿಯಿರಿ. ಗಂಟೆ ಕೇಳಿದೊಡನೆ ಚಾಪೆಗೆ ಓಡುವ ರೂಢಿಯಾದ ಮೇಲೆ ನಿಜವಾದ ಗಂಟೆ ಒತ್ತಿಸಿ. ದೀಪಾವಳಿಯ ಪಟಾಕಿ ಸದ್ದಿಗೂ ಇದೇ ಕ್ರಮ, ಆದರೆ ಎರಡು ತಿಂಗಳು ಮೊದಲೇ ಆರಂಭಿಸಬೇಕು.

‘ಸಾಕು’ ಎಂಬ ಮಾತು ಕಲಿಸುವಾಗ ಎಡವುವವರೇ ಹೆಚ್ಚು. ಬೊಗಳುವಾಗ ಹೇಳಬೇಡಿ. ಅದು ಉಸಿರಿಗೆಂದು ಎರಡು ಸೆಕೆಂಡು ನಿಂತಾಗ ಮೆಲ್ಲಗೆ ‘ಸಾಕು’ ಎಂದು ತಿನಿಸು ಕೊಡಿ, ಮುಂದೆ ಮೌನವನ್ನು ಐದು, ಹತ್ತು, ಇಪ್ಪತ್ತು ಸೆಕೆಂಡಿಗೆ ಬೆಳೆಸಿ. ಎರಡರಲ್ಲೇ ನಿಂತುಬಿಟ್ಟರೆ ಬೊಗಳಿ, ನಿಲ್ಲಿಸಿ, ತಿನಿಸು ಗಿಟ್ಟಿಸುವ ಜಾಣತನವನ್ನು ನಾಯಿ ಕಲಿಯುತ್ತದೆ. ಅಪ್ಪ ‘ಸಾಕು’, ಮಗ ‘ಸ್ಟಾಪ್’, ಅಜ್ಜಿ ‘ಥೂ ಮುಚ್ಚು’ ಅಂದರೂ ಕೆಲಸ ಕೆಡುತ್ತದೆ.

ಊಟದ ಹೊತ್ತಿನಲ್ಲಿ ಬೇಡಿ ಬೊಗಳುವ ನಾಯಿಯನ್ನು ಗಮನಿಸದಿರುವುದೇ ಸರಿ. ಆದರೆ ಮೊದಲ ಕೆಲವು ದಿನ ಬೊಗಳಾಟ ಇನ್ನೂ ಜೋರಾಗುತ್ತದೆ. ಆಗ ಸೋತು ಚಪಾತಿ ಚೂರು ಎಸೆದಿರೋ, ಜೋರಾಗಿ ಬೊಗಳಿದರೆ ಮಾತ್ರ ಸಿಗುತ್ತದೆಂದು ನೀವೇ ಕಲಿಸಿದಂತೆ. ಬಾಲ್ಕನಿಯಿಂದ ಬೀದಿ ನೋಡಿ ಬೊಗಳುವುದಕ್ಕೆ ಸರಳಿಗೆ ಮೂರಡಿ ಎತ್ತರ ಹಸಿರು ಶೇಡ್ ನೆಟ್ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು.

ಬೀಗಲ್ ಕೊಂಡವರು ತುಸು ಸಹಿಸಿಕೊಳ್ಳಬೇಕು. ಬೇಟೆಯಲ್ಲಿ ದನಿ ಕೊಡಲೆಂದೇ ಬೆಳೆಸಿದ ತಳಿ ಅದು. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಬೊಗಳತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕೀಲುನೋವು, ಕಿವುಡು, ಮರೆವು ಯಾವುದೂ ಇರಬಹುದು.

ಇಡೀ ದಿನ ಕಟ್ಟಿಹಾಕಿದ ನಾಯಿಗೆ ಈ ಯಾವ ಪಾಠವೂ ಹತ್ತದು. ಸದಾ ಕಟ್ಟಿದ ಅಥವಾ ಕೂಡಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮಾಲೀಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ದೂರು ಕೊಡುವ ನೆರೆಯವರಲ್ಲೂ ಒಂದು ಕೋರಿಕೆ. ‘ಯಾವಾಗಲೂ ಬೊಗಳುತ್ತದೆ’ ಎನ್ನದೆ ಒಂದು ವಾರ ಅದು ಬೊಗಳಿದ ಹೊತ್ತನ್ನು ಗುರುತು ಹಾಕಿ ಕೊಡಿ. ಬೆಳಿಗ್ಗೆ 6ಕ್ಕಾದರೆ ಹಾಲಿನವರು, ಪೇಪರಿನವರು ಬರುವ ಸಮಯ. ಕರೆಗಂಟೆಯ ಪಾಠ ಸಾಕು. ಮನೆಯವರು ಕೆಲಸಕ್ಕೆ ಹೊರಟ ಅರ್ಧ ಗಂಟೆಯೊಳಗೇ ಶುರುವಾದರೆ ಅದು ಒಂಟಿತನದ ಭಯವಿರಬಹುದು. ಅದಕ್ಕೆ ಮೂವತ್ತು ಸೆಕೆಂಡು ಹೊರಗೆ ಹೋಗಿ ಬರುವುದರಿಂದ ಆರಂಭಿಸಿ, ವಾರಗಟ್ಟಲೆ ಅಭ್ಯಾಸ ಮಾಡಿಸಬೇಕು.

– ನಾಯಿ ತರಬೇತುದಾರರು, ಬೆಂಗಳೂರು