ಸಹಿಗೆ ಮುಂಚೆ ಕೇಳಬೇಕಾದ ಖರ್ಚಿನ ಲೆಕ್ಕ

ಚಿರಂಜೀವಿ ಶ್ರೀಹರ್ಷನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಶಾರದೆಗೆ ಈಗ ನಡೆಯುತ್ತಿರುವ ಕೀಮೋ ಚಿಕಿತ್ಸೆಯ ಜೊತೆಗೆ ಹೊಸ ಔಷಧವೊಂದನ್ನು ಕೊಟ್ಟು ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಬಹುದೆಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆಂದೂ, ಎಲ್ಲವೂ ಉಚಿತವೆಂಬ ಮಾತನ್ನು ಕೇಳಿ ಮನೆಯಲ್ಲಿ ಅರ್ಧ ಸಮಾಧಾನ, ಅರ್ಧ ಅನುಮಾನ ಉಂಟಾಗಿದೆಯೆಂದೂ ಬರೆದಿದ್ದೀಯೆ. ಸೇರಬೇಕೋ ಬೇಡವೋ ಎಂಬುದನ್ನು ನಿನ್ನ ತಾಯಿಯೇ ತೀರ್ಮಾನಿಸಬೇಕು. ನೀನಾಗಲಿ ನಾನಾಗಲಿ ಅವಳ ಪರವಾಗಿ ಹೂಂ ಅನ್ನುವ ಹಾಗಿಲ್ಲ. ಆದರೆ ನಿವೃತ್ತಿಯ ನಂತರ ಕೆಲವು ವರ್ಷ ಒಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ, ವೈದ್ಯನಲ್ಲದ ಸಾಮಾನ್ಯ ಸದಸ್ಯನಾಗಿ ಕುಳಿತು ಇಂತಹ ಪ್ರಯೋಗಗಳ ಕಾಗದಪತ್ರಗಳನ್ನು ಓದಿದವನಾದ್ದರಿಂದ, ಖರ್ಚಿನ ವಿಷಯದಲ್ಲಿ ನನಗೆ ತಿಳಿದಿರುವುದನ್ನು ನಿನಗೆ ಹೇಳುವುದು ನನ್ನ ಕರ್ತವ್ಯ.

ಉಚಿತ ಎಂಬ ಮಾತು ಸುಳ್ಳಲ್ಲ, ಆದರೆ ಅದರ ಎಲ್ಲೆ ಎಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗಳಿಗಾಗಲಿ, ಸಂಶೋಧನೆಯ ಔಷಧಕ್ಕಾಗಲಿ ಭಾಗವಹಿಸುವವರಿಂದ ಹಣ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಪ್ರಯೋಗವಿರಲಿ ಇಲ್ಲದಿರಲಿ, ರೋಗಕ್ಕೆ ಹೇಗೂ ಮಾಡಲೇಬೇಕಾದ ಚಿಕಿತ್ಸೆಯ ಖರ್ಚು ಈ ಮಾತಿನೊಳಗೆ ಬರುವುದಿಲ್ಲ. ಶಾರದೆಯ ಸಂದರ್ಭದಲ್ಲಿ ಹೊಸ ಔಷಧ ಕಂಪನಿಯದು, ಕೀಮೋ ನಮ್ಮದು ಎಂದಾಗುವ ಸಾಧ್ಯತೆಯೇ ಹೆಚ್ಚು. ಇವೆರಡರ ನಡುವೆ ಬರುವ ಸ್ಕ್ಯಾನ್‌ಗಳದ್ದೇ ತೊಡಕು. ಸಾಮಾನ್ಯ ಚಿಕಿತ್ಸೆಯಲ್ಲಿ ಅಪರೂಪಕ್ಕೆ ಮಾಡಿಸುವ ಸ್ಕ್ಯಾನನ್ನು ಪ್ರಯೋಗಕ್ಕಾಗಿ ಮತ್ತೆ ಮತ್ತೆ ಮಾಡಿಸಿದರೆ ಹೆಚ್ಚಾದ ಸ್ಕ್ಯಾನ್‌ಗಳ ಹಣವನ್ನು ಪ್ರಾಯೋಜಕ ಕಂಪನಿಯೇ ಕೊಡಬೇಕು. ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಿಳಿದಿರುತ್ತದೆಂದು ನಂಬಿಕೊಳ್ಳಬೇಡ. ಭೇಟಿಗಳ ವೇಳಾಪಟ್ಟಿಯನ್ನು ಕೇಳಿ ಪಡೆದು, ಪ್ರಯೋಗದ ಕೆಲಸ ನೋಡಿಕೊಳ್ಳುವ ಕೋ-ಆರ್ಡಿನೇಟರ್ ಎದುರಿನಲ್ಲೇ ಪ್ರತಿಯೊಂದು ಪರೀಕ್ಷೆಯ ಮುಂದೆ ಅದರ ಖರ್ಚು ಯಾರದೆಂದು ಬರೆಸಿಕೋ. ಹೀಗೆ ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಇನ್ನು ಯಾವ ಬಿಲ್ಲಿನಲ್ಲಿಯೂ ಕಾಣಿಸದ ಖರ್ಚಿನ ಮಾತು. ಸಾಗರದಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ಆಟೋ ಹಿಡಿದು ಆಸ್ಪತ್ರೆ ಸೇರಿ, ರಕ್ತ ಕೊಟ್ಟು, ವರದಿ ಬರುವವರೆಗೆ ಕಾದು, ಔಷಧ ಪಡೆದು, ಅಂದೇ ಹೊರಡಲು ಮೈ ಒಪ್ಪದಿದ್ದರೆ ಉಳಿಯಲು ಒಂದು ಕೋಣೆ ನೋಡಿಕೊಳ್ಳಬೇಕು. ಕೀಮೋ ಪಡೆದ ಹೆಂಗಸು ಒಬ್ಬಳೇ ಓಡಾಡಲಾರಳು. ಜೊತೆಗೆ ಒಬ್ಬರು ಬೇಕು. ಭಾವ ಬಂದರೆ ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟ ನೋಡುವವರಿಲ್ಲ, ನೀನು ಹೋದರೆ ನಿನ್ನ ರಜೆಗಳು ಮುಗಿದು ಸಂಬಳಕ್ಕೆ ಕತ್ತರಿ ಬೀಳುತ್ತದೆ. ಪ್ರಯೋಗವೆಂದರೆ ಕೀಮೋಗೆಂದು ಹೇಗೂ ಹೋಗುವ ದಿನಗಳಲ್ಲದೆ ರಕ್ತಪರೀಕ್ಷೆಗೆಂದೇ, ಪ್ರಶ್ನಾವಳಿಗೆಂದೇ ಬರಬೇಕಾದ ದಿನಗಳೂ ಇರುತ್ತವೆ. ಔಷಧ ನಿಂತ ಮೇಲೂ ವರ್ಷಗಟ್ಟಲೆ ಫಾಲೋಅಪ್ ಇರಬಹುದು. ಇಷ್ಟೆಲ್ಲ ಓಡಾಡಿದ ಮೇಲೂ, ಇದು ಪ್ಲಸೀಬೊ ಇಟ್ಟುಕೊಂಡು ನಡೆಸುವ ಪ್ರಯೋಗವಾಗಿದ್ದರೆ, ಅವಳಿಗೆ ಸಿಗುವುದು ಔಷಧದಂತೆ ಕಾಣುವ, ಔಷಧಗುಣವಿಲ್ಲದ ಮಾತ್ರೆಯೂ ಆಗಿರಬಹುದು. ಯಾವುದು ಸಿಗಬೇಕೆಂಬುದನ್ನು ವೈದ್ಯರೂ ಆರಿಸುವಂತಿಲ್ಲ. ಈ ಮಾತನ್ನು ಶಾರದೆಗೆ ಬಿಡಿಸಿ ಹೇಳು.

ಪ್ರಯಾಣ, ಊಟ ಮುಂತಾದವುಗಳಿಗೆ ಆದ ವೆಚ್ಚವನ್ನು ಹಿಂದಿರುಗಿಸಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಎಷ್ಟು ಮತ್ತು ಹೇಗೆ ಎಂಬುದನ್ನು ನೈತಿಕ ಸಮಿತಿ ನೋಡಿ ಒಪ್ಪಬೇಕು. ಪ್ರಯೋಗಕ್ಕೆ ಸೇರುವವರಿಗೆ ಓದಲು ಕೊಡುವ ಮಾಹಿತಿ ಪತ್ರವೊಂದು ಕನ್ನಡದಲ್ಲಿ ನಮ್ಮ ಸಮಿತಿಯ ಮುಂದೆ ಬಂದಿತ್ತು, ಅದರಲ್ಲಿ "ಪ್ರಯಾಣ ವೆಚ್ಚವನ್ನು ನೀಡಲಾಗುವುದು" ಎಂಬ ಒಂದೇ ಸಾಲಿತ್ತು. ಎಷ್ಟು, ಯಾವಾಗ, ಜೊತೆಗೆ ಬಂದವರಿಗೂ ಸೇರಿಯೇ, ರಸೀದಿ ಕೊಡದ ಆಟೋದವನ ಬಾಡಿಗೆಗೆ ಏನು ಮಾಡಬೇಕು ಎಂಬುದೊಂದೂ ಅದರಲ್ಲಿರಲಿಲ್ಲ. ಅದನ್ನು ಹಿಂದಕ್ಕೆ ಕಳುಹಿಸಿ ಬಿಡಿಸಿ ಬರೆಸಿದೆವು. ನಿಮ್ಮ ಕೈಗೆ ಬರುವ ಪತ್ರದಲ್ಲೂ ಅಂತಹ ಸಾಲಿದ್ದರೆ ಈ ಪ್ರಶ್ನೆಗಳನ್ನೇ ಕೇಳು. ಹಣವನ್ನೆಲ್ಲ ಪ್ರಯೋಗ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇವೆಂದರೆ ಒಪ್ಪಬೇಡ, ಏಕೆಂದರೆ ಯಾವಾಗ ಬೇಕಾದರೂ, ಯಾವ ದಂಡವೂ ಇಲ್ಲದೆ ಹೊರಬರುವ ಹಕ್ಕು ಅವಳಿಗಿದೆ, ಬಾಕಿಯ ಆಸೆಯಿಂದ ಆ ಹಕ್ಕು ಕಟ್ಟಿಬೀಳಬಾರದು. ಹೊರಬರುವಾಗ ಮಾತ್ರ ವೈದ್ಯರಿಗೆ ತಿಳಿಸದೆ ಔಷಧ ನಿಲ್ಲಿಸಬಾರದು.

ದೊಡ್ಡ ಖರ್ಚು ಎದುರಾಗುವುದು ಔಷಧದಿಂದ ಕೆಡುಕಾದಾಗ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗದ ಅವಧಿಯಲ್ಲಿ ತೊಂದರೆಯಾದರೆ, ಅಗತ್ಯವಿರುವಷ್ಟು ಕಾಲ, ಇಲ್ಲವೇ ಆ ತೊಂದರೆಗೂ ಪ್ರಯೋಗಕ್ಕೂ ಸಂಬಂಧವಿಲ್ಲವೆಂದು ಸ್ಥಾಪಿತವಾಗುವವರೆಗೆ, ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಆಯಿತೆಂದು ತೀರ್ಮಾನವಾದರೆ ಅದರ ಜೊತೆಗೆ ಪರಿಹಾರದ ಹಣವನ್ನೂ ಕೊಡಬೇಕು. ಸಾವಿನ ಪರಿಹಾರಕ್ಕೆ 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು, ವಯಸ್ಸು ಮತ್ತು ರೋಗದ ಅಪಾಯದ ಮಟ್ಟಕ್ಕೆ ತಕ್ಕಂತೆ ಲೆಕ್ಕ ಹಾಕುವ ಸೂತ್ರವೂ ಆ ನಿಯಮಗಳಲ್ಲಿದೆ. ಒಪ್ಪಿಗೆ ಪತ್ರದಲ್ಲಿ ನಾಮಿನಿಯ ಹೆಸರು ಬರೆಯಲು ಜಾಗವಿರುವುದು ಇದಕ್ಕಾಗಿಯೇ. ಅಪಶಕುನವೆಂದು ಅದನ್ನು ಖಾಲಿ ಬಿಟ್ಟವರನ್ನು ನಾನು ಕಂಡಿದ್ದೇನೆ. ನೀವು ಬಿಡಬಾರದು. ಔಷಧದಿಂದ ತೊಂದರೆಯಾದ ಸಮಯದಲ್ಲಿ ಗಾಬರಿಯಿಂದ ನಿನ್ನ ಆಫೀಸಿನ ವಿಮೆಯ ಕಾರ್ಡನ್ನು ಮುಂದಿಡಬೇಡ. ಪರಿಣಾಮ ಸಾಬೀತಾಗದ ಚಿಕಿತ್ಸೆಯ ವೆಚ್ಚವನ್ನು ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಒಂದು ವೇಳೆ ಕೊಟ್ಟರೂ ವರ್ಷದ ಮಿತಿ ಕರಗಿ, ಮನೆಯ ಬೇರೆ ಕಾಯಿಲೆಗೆ ಏನೂ ಉಳಿಯುವುದಿಲ್ಲ. ದಾಖಲಾಗಬೇಕಾಗಿ ಬಂದರೆ ರಾತ್ರಿ ಹೊತ್ತಿನಲ್ಲೂ ಯಾರಿಗೆ ಕರೆ ಮಾಡಬೇಕು, ಸಾಗರ ಅಥವಾ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರೆ ಆ ಬಿಲ್ಲನ್ನು ಯಾರು ತೀರಿಸುತ್ತಾರೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆ. ಬೆಂಗಳೂರಿನಿಂದ ಅಷ್ಟು ದೂರದಲ್ಲಿರುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಔಷಧ ಅವಳಿಗೆ ಹಿಡಿಸಿಬಿಟ್ಟರೆ ಮುಂದೇನು ಎಂಬುದನ್ನೂ ಕೇಳು. ಪ್ರಯೋಗ ಮುಗಿದ ಮೇಲೂ ಪ್ರಾಯೋಜಕರು ಉಚಿತವಾಗಿ ಔಷಧ ಕೊಡಲು ನಿಯಮದಲ್ಲಿ ದಾರಿಯಿದೆ, ಆದರೆ ಅದಕ್ಕೆ ಬೇರೆ ಪರ್ಯಾಯ ಚಿಕಿತ್ಸೆ ಇರಬಾರದು, ವೈದ್ಯರ ಶಿಫಾರಸು ಬೇಕು, ನೈತಿಕ ಸಮಿತಿ ಒಪ್ಪಬೇಕು. ತಾನಾಗಿಯೇ ಸಿಗುವುದಲ್ಲ.

ಇಷ್ಟೆಲ್ಲ ಬರೆದಿದ್ದು ನಿಮ್ಮನ್ನು ಹಿಂದೆಳೆಯಲು ಅಲ್ಲ. ಇಂದು ಶಾರದೆಗೆ ಕೊಡುತ್ತಿರುವ ಕೀಮೋ ಔಷಧಗಳು ಹಿಂದೆ ಯಾರೋ ರೋಗಿಗಳು ಇಂತಹ ಪ್ರಯೋಗಗಳಿಗೆ ಒಪ್ಪಿದ್ದರಿಂದಲೇ ನಮ್ಮವರೆಗೆ ಬಂದಿವೆ, ಆ ಋಣದ ಅರಿವು ನನಗಿದೆ. ಅವಳು ತಿಳಿದು ಒಪ್ಪಿದರೆ ನಾನೇ ಕೆಲವು ಸಲ ಜೊತೆಗೆ ಬರುತ್ತೇನೆ, ಓಡಾಟದ ಖರ್ಚಿನಲ್ಲೂ ನನ್ನ ಪಾಲಿರುತ್ತದೆ. ಆದರೆ ಕೀಮೋದ ಖರ್ಚು ಉಳಿಯಬಹುದೆಂಬ ಒಂದೇ ಲೆಕ್ಕದಿಂದ ಅವಳು ತಲೆಯಾಡಿಸುತ್ತಿದ್ದರೆ, ಚಿಕಿತ್ಸೆಯ ಹಣವನ್ನು ನಾವು ಕೂಡಿ ಹೊಂದಿಸೋಣ ಎಂದು ಅವಳಿಗೆ ಈಗಲೇ ಹೇಳು.

ಮಾಹಿತಿ ಪತ್ರದ ಕನ್ನಡ ಪ್ರತಿಯನ್ನೂ, ಸಿಟಿಆರ್‌ಐ, ಅಂದರೆ ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿಯಲ್ಲಿನ ಈ ಪ್ರಯೋಗದ ಸಂಖ್ಯೆಯನ್ನೂ ಕೇಳಿ ಪಡೆದು ನನಗೆ ಕಳುಹಿಸು. 2009ರ ಜೂನ್‌ನಿಂದ ಈ ನೋಂದಣಿ ಕಡ್ಡಾಯವಾಗಿರುವುದರಿಂದ ಕೊಡಲು ಅವರಿಗೆ ಅಡ್ಡಿಯಿರಲಾರದು. ನಾನು ಓದಿ ಗುರುತು ಹಾಕಿ ಕಳುಹಿಸುವವರೆಗೆ ಸಹಿಯ ಅವಸರ ಬೇಡ. ಮನೆಗೆ ಒಯ್ದು ಓದಲು ಸಮಯ ಬೇಕೆಂದು ವೈದ್ಯರಿಗೆ ಹೇಳು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ