ಸಾಕುನಾಯಿಗೆ ಸರಪಳಿ ಇರಲಿ

ಮಾನ್ಯರೇ,

ಶಿರಸಿಯ ನಮ್ಮ ಬಡಾವಣೆಯಲ್ಲಿ ಬೀದಿನಾಯಿಗಳಿಗಿಂತ ಸಾಕುನಾಯಿಗಳ ಕಾಟವೇ ಹೆಚ್ಚಾಗಿದೆ. ಬೆಳಗಾಗುತ್ತಲೇ ಗೇಟು ತೆರೆದು ನಾಯಿಯನ್ನು ರಸ್ತೆಗೆ ಬಿಡುತ್ತಾರೆ. ಶಾಲೆಗೆ ಹೊರಟ ಮಕ್ಕಳು ಸುರಿವ ಮಳೆಯಲ್ಲೂ ಕೊಡೆ ಮಡಚಿ, ಅದನ್ನೇ ಕೋಲಾಗಿ ಹಿಡಿದು ನೆನೆಯುತ್ತ ಹೋಗುತ್ತಾರೆ. ಕೇಳಿದರೆ, ‘ಅದು ಏನೂ ಮಾಡುವುದಿಲ್ಲ’ ಎಂಬ ಉತ್ತರ. ಮನೆಯವರಿಗೆ ಏನೂ ಮಾಡದ ನಾಯಿ ಗುರುತಿಲ್ಲದ ಮಗುವನ್ನು ಕಚ್ಚಬಹುದು. ತಪ್ಪು ನಾಯಿಯದಲ್ಲ, ಕರೆದರೆ ಬರುವುದನ್ನೂ ಕಲಿಸದ ಮಾಲೀಕರದು.

ಸಾಕುಪ್ರಾಣಿಯಿಂದ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ತೀರಾ ವಿರಳ. ನಗರಸಭೆಯವರು ದಯವಿಟ್ಟು ವಾರ್ಡ್‌ವಾರು ಲಸಿಕೆ ಶಿಬಿರ ನಡೆಸಲಿ, ನಾಯಿ ಬಿಡುವ ಮಾಲೀಕರಿಗೆ ನೋಟಿಸ್ ಕೊಡಲಿ.

– ಬಡಾವಣೆಯ ನಿವಾಸಿ, ಶಿರಸಿ