ಮೊಲ, ಗಿನಿಪಿಗ್, ಹಕ್ಕಿಗಳಿಗೂ ಇನ್ನು ನಮ್ಮಲ್ಲೇ ಚಿಕಿತ್ಸೆ

ಪ್ರಿಯ ಗ್ರಾಹಕರೇ,

ಕಳೆದ ಮಳೆಗಾಲದಲ್ಲಿ ಬಾಲಕಿಯೊಬ್ಬಳು ಬಿದಿರು ಬುಟ್ಟಿಯಲ್ಲಿ ಬಿಳಿ ಮೊಲವೊಂದನ್ನು ತಂದಳು. ಅದು ಎರಡು ದಿನದಿಂದ ಹುಲ್ಲು ಮುಟ್ಟಿರಲಿಲ್ಲ, ಹೊಟ್ಟೆ ಬಿಗಿದುಕೊಂಡಿತ್ತು. ನಾಯಿ, ಬೆಕ್ಕುಗಳನ್ನಷ್ಟೇ ನೋಡುತ್ತಿದ್ದ ನಾವು ಬೆಂಗಳೂರಿಗೆ ಒಯ್ಯಲು ಹೇಳಿದೆವು. ಮೊಲ ಮದ್ದೂರು ದಾಟಲಿಲ್ಲ. ಮೈಸೂರಿನಲ್ಲೇ ಅದಕ್ಕೆ ಚಿಕಿತ್ಸೆ ಸಿಗಬೇಕಿತ್ತು ಎಂಬ ಕೊರಗು ನಮ್ಮನ್ನು ಬಿಡಲಿಲ್ಲ. ನಮ್ಮ ಇಬ್ಬರು ವೈದ್ಯರೂ ತರಬೇತಿ ಪಡೆದು ಬಂದಿದ್ದಾರೆ. ಬರುವ ತಿಂಗಳಿನಿಂದ ಮೊಲ, ಗಿನಿಪಿಗ್ ಮತ್ತು ಕಾಕಟೀಲ್, ಬಜರಿಗಾರ್ ಎಂಬ ಪುಟ್ಟ ಸಾಕು ಗಿಳಿಗಳನ್ನೂ ನೋಡುತ್ತೇವೆ.

ಇವುಗಳ ವೈದ್ಯವೇ ಬೇರೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮೊದಲು ನಾಯಿಯಂತೆ ಅದನ್ನು ಉಪವಾಸ ಇರಿಸಬಾರದು, ಹೊಟ್ಟೆ ಬರಿದಾದರೆ ಕರುಳಿನ ಚಲನೆಯೇ ನಿಂತೀತು. ಬಾಯಿಂದ ಕೊಡುವ ಪೆನಿಸಿಲಿನ್ ಅದರ ಪ್ರಾಣಕ್ಕೇ ಕುತ್ತು. ಉಣ್ಣಿ ಹುಳುಗಳಿಗೆಂದು ನಾಯಿಯ ಬೆನ್ನಿಗೆ ಹಾಕುವ ಫಿಪ್ರೊನಿಲ್ ಔಷಧ ಮೊಲಕ್ಕೆ ವಿಷ. ಮನೆಯಲ್ಲಿ ಮಿಕ್ಕಿದ ಔಷಧವನ್ನು ದಯವಿಟ್ಟು ಹಚ್ಚಬೇಡಿ.

ಗಿನಿಪಿಗ್‌ಗೆ ನಮ್ಮಂತೆಯೇ ವಿಟಮಿನ್ ಸಿ ಆಹಾರದಿಂದಲೇ ಸಿಗಬೇಕು. ದಿನವೂ ಒಂದು ತುಂಡು ದಪ್ಪಮೆಣಸಿನಕಾಯಿ ಕೊಡಿ. ಕಾಕಟೀಲ್ ತೂಗುವುದು ಸುಮಾರು 90 ಗ್ರಾಂ. ಹತ್ತು ಗ್ರಾಂ ಇಳಿದರೂ ಅದು ದೊಡ್ಡ ಕಾಯಿಲೆಯ ಗುರುತು. ಅದಕ್ಕೆಂದೇ ಒಂದೊಂದು ಗ್ರಾಮನ್ನೂ ತೋರಿಸುವ ತಕ್ಕಡಿ ತಂದಿದ್ದೇವೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ನಿಮ್ಮ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ನಾಳೆಗೆಂದು ಕಾಯಬೇಡಿ.

ನಾಯಿಯ ವಾಸನೆಗೇ ಮೊಲ ನಡುಗುತ್ತದೆ. ಆದ್ದರಿಂದ ಬುಧವಾರ ಮತ್ತು ಶನಿವಾರ ಮಧ್ಯಾಹ್ನ 2ರಿಂದ 5ರವರೆಗೆ ಈ ಪ್ರಾಣಿಗಳಿಗೆ ಮಾತ್ರ ಪ್ರವೇಶ. ಮೊದಲೇ ಫೋನ್ ಮಾಡಿ ಬನ್ನಿ. ಶನಿವಾರ ಮಧ್ಯಾಹ್ನವೇ ನಾಯಿಗೆ ಲಸಿಕೆ ಹಾಕಿಸುತ್ತಿದ್ದವರಿಗೆ ತೊಂದರೆಯಾಗುತ್ತದೆ, ಕ್ಷಮಿಸಿ. ನಿಮಗಾಗಿ ಭಾನುವಾರ ಬೆಳಿಗ್ಗೆ ತೆರೆದಿರುತ್ತೇವೆ. ತುರ್ತು ಸಂದರ್ಭವಾದರೆ ಯಾವ ಪ್ರಾಣಿಯನ್ನೂ ಯಾವ ಹೊತ್ತಿನಲ್ಲೂ ಹಿಂದೆ ಕಳುಹಿಸುವುದಿಲ್ಲ. ಆದರೆ ಹಾವು, ಇಗುವಾನಾ ಎಂಬ ದೊಡ್ಡ ಹಲ್ಲಿಗಳ ಚಿಕಿತ್ಸೆಯನ್ನು ನಾವಿನ್ನೂ ಕಲಿತಿಲ್ಲ.

ನಮ್ಮ ಊರಿನ ಹಸಿರು ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯಗೊಂಡ ಗಿಳಿ ಸಿಕ್ಕಿದರೆ ತನ್ನಿ, ಪ್ರಥಮ ಚಿಕಿತ್ಸೆ ಮಾಡಿ ಅರಣ್ಯ ಇಲಾಖೆಗೆ ಒಪ್ಪಿಸುತ್ತೇವೆ. ಆಫ್ರಿಕನ್ ಗ್ರೇ ಎಂಬ ವಿದೇಶಿ ಗಿಳಿ ಸಾಕಿರುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು.

ಮೊಲ ತರುವವರು ಅದು ತಿನ್ನುವ ಹುಲ್ಲನ್ನೂ ಅಂದಿನ ಹಿಕ್ಕೆಯನ್ನೂ ಕಾಗದದಲ್ಲಿ ಕಟ್ಟಿಕೊಂಡು ಬನ್ನಿ. ಹಿಕ್ಕೆ ಸಣ್ಣದಾಗಿದೆಯೇ ಎಂದು ನೋಡುವುದೇ ನಮ್ಮ ಮೊದಲ ಪರೀಕ್ಷೆ.

ನಿಮ್ಮ ಚಿಕಿತ್ಸಾಲಯದ ಬಳಗ